ಮುರಿದು ನೋಡುವ ಕಾಕಾ

ನಮ್ಮ ಕಾಕಾ ಬರುತ್ತಾರೆಂದು ಫೋನು ಬಂದರೆ, ಅಫಜಲಪುರದ ನಮ್ಮ ಮನೆಯಲ್ಲಿ ಮೊದಲು ಆಗುವ ಕೆಲಸ ಚಹಾಕ್ಕೆ ನೀರಿಡುವುದಲ್ಲ, ಬಕೆಟ್ಟುಗಳನ್ನು ಬಚ್ಚಿಡುವುದು! ಬಕೆಟ್ಟು, ಮಗ್ಗು, ಬಾಚಣಿಗೆ, ಮಕ್ಕಳ ಸ್ಕೇಲು, ಊಟದ ಡಬ್ಬಿ, ಪ್ಲಾಸ್ಟಿಕ್ ಎಂಬ ಹೆಸರಿನದು ಯಾವುದೂ ಅವರ ಕಣ್ಣಿಗೆ ಬೀಳಬಾರದು. ಬಿದ್ದರೆ ಕೈಗೆತ್ತಿಕೊಳ್ಳುತ್ತಾರೆ. ಉಗುರಿನಿಂದ ಟಕ್ ಟಕ್ ಬಡಿಯುತ್ತಾರೆ. ಕಿವಿಗೆ ಹಿಡಿಯುತ್ತಾರೆ. ಬಗ್ಗಿಸುತ್ತಾರೆ, ಇನ್ನಷ್ಟು ಬಗ್ಗಿಸುತ್ತಾರೆ, ಆಮೇಲೆ ಒಂದು ಸಪ್ಪಳ. ಮುಖದಲ್ಲಿ ಪಶ್ಚಾತ್ತಾಪ ಏನಾದರೂ ಕಾಣುತ್ತದೆಯೇ? ಎಲ್ಲಿಯದು! ಅರ್ಧ ಬಾಚಣಿಗೆ ಒಂದು ಕೈಯಲ್ಲಿ, ಇನ್ನರ್ಧ ಇನ್ನೊಂದು ಕೈಯಲ್ಲಿ ಹಿಡಿದು, "ನಾ ಮೊದ್ಲ ಅಂದಿದ್ದೆ ನೋಡು, ಇಷ್ಟಕ್ಕ ಮುರೀತದ ಅಂತ" ಎನ್ನುತ್ತಾರೆ. ಮುಖದ ಮೇಲೆ ಮಗ ಮೆಟ್ರಿಕ್ ಪಾಸಾದ ತಂದೆಯ ಕಳೆ!

ಇದು ಚಟವಲ್ಲ, ಉದ್ಯೋಗ. ಇದಕ್ಕೆ ಅವರಿಗೆ ಪಗಾರ ಕೊಡುತ್ತಾರೆ.

ಕಾಕಾ ನಮ್ಮಪ್ಪನ ಕೊನೆಯ ತಮ್ಮ. ಮನೆ ಆಳಂದದಲ್ಲಿ, ಕೆಲಸ ಖಜೂರಿ ದಾಟಿ, ರಾಜ್ಯದ ಗಡಿಯಾಚೆ ಇರುವ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಗಾಜನ್ನು ಕೂದಲಿನಷ್ಟು ಸಣ್ಣ ಎಳೆ ಮಾಡಿ, ಆ ಎಳೆಗಳನ್ನು ಬಟ್ಟೆಯಂತೆ ಹಾಸಿ, ಅದಕ್ಕೆ ರಾಳ ಕುಡಿಸಿ, ಅಚ್ಚಿನಲ್ಲಿ ಒತ್ತಿ, ದೊಡ್ಡ ಒಲೆಯಲ್ಲಿ ಬೇಯಿಸುತ್ತಾರೆ. ಪೈಪು, ನೀರಿನ ಟಾಕಿ, ಗಾಳಿಯಂತ್ರದ ರೆಕ್ಕೆಯ ಭಾಗಗಳು ಹಾಗೆ ಹುಟ್ಟುತ್ತವೆ. ಯಾವ ರಾಳ, ಅದಕ್ಕೆ ಹೆಪ್ಪು ಎಷ್ಟು, ಒಲೆಯ ಕಾವು ಎಷ್ಟು ಎಂದು ಹೊಸ ಹೊಸ ಪಾಕ ಕಂಡುಹಿಡಿಯುವ ಸಂಶೋಧನಾ ಇಂಜಿನಿಯರು ನಮ್ಮ ಕಾಕಾ. ಪಾಕ ಕಂಡುಹಿಡಿದ ಮೇಲೆ ಅದನ್ನು ಮುರಿದು ನೋಡುವವರೂ ಅವರೇ. ಎಷ್ಟಕ್ಕೆ ಮುರಿಯುತ್ತದೆಂದು ತಿಳಿಯದೆ ಯಾವುದರ ಮೇಲೂ ಭಾರ ಹೊರಿಸಬಾರದು ಎಂಬುದು ಅವರ ಸಿದ್ಧಾಂತ. ಈ ಮಾತನ್ನು ತನಗೆ ಯಾವತ್ತಾದರೂ ಅನ್ವಯಿಸಿದ್ದಾರೆಯೇ ಎಂದು ನಮ್ಮ ಕಾಕಿ ಕೇಳುತ್ತಾಳೆ. ಕಾಕಾ ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಕಾಕಿಯ ತವರು ಜೇವರ್ಗಿ. ಅವಳಪ್ಪ ತೊಗರಿ ವ್ಯಾಪಾರಿ. ಹೆಣ್ಣು ನೋಡಲು ಹೋದಾಗ ಅವರು ಕೇಳಿದರು, "ಹುಡುಗ ಏನ್ ಮಾಡ್ತಾನ್ರೀ?" ನಮ್ಮಪ್ಪ ಪಾಲಿಮರು, ಸಂಶೋಧನೆ ಎಂದು ತಡವರಿಸುತ್ತಿದ್ದರೆ ಕಾಕಾ ನಡುವೆ ಬಾಯಿ ಹಾಕಿದರು:

"ಮುರೀತೇನ್ರಿ."

"ಏನ್ ಮುರೀತೀರಿ?"

"ಕಾರ್ಖಾನ್ಯಾಗ ಏನ್ ಮಾಡ್ತಾರ, ಅದನ್ನ."

"ಮಾಡೋರು ಬ್ಯಾರೆ, ಮುರಿಯೋರು ಬ್ಯಾರೆ? ಇಬ್ರಿಗೂ ಪಗಾರ?"

"ಮುರಿಯೋರಿಗಿ ಜಾಸ್ತಿ ರೀ."

ಅಷ್ಟಕ್ಕೇ ಸಂಬಂಧ ಕೂಡಿತು! ಇನ್ನು ಮುಂದಿನದನ್ನು ಕಾಕಿಯ ಬಾಯಲ್ಲೇ ಕೇಳಬೇಕು. "ತಾಳಿ ಕಟ್ಟೂ ಮುಂದ ಗಂಟು ಹಾಕಿದ ಮ್ಯಾಲ ದಾರ ಜಗ್ಗಿ ನೋಡಿದ್ರು ಬೇ! ನನ್ನ ಕುತಗಿ ಕಿತ್ತು ಕೈಯಾಗ ಬರೂದೊಂದ ಬಾಕಿ ಇತ್ತು!"

ನಮ್ಮ ಕಡೆಯ ಬಿಸಿಲನ್ನು ಹೊಗಳುವವರು ಯಾರಾದರೂ ಇದ್ದಾರೆಯೇ? ಒಬ್ಬರಿದ್ದಾರೆ. ಪ್ಲಾಸ್ಟಿಕ್ಕಿನ ಜೀವ ತಿನ್ನುವುದು ಬಿಸಿಲಂತೆ. "ಇಂಥಾ ಬಿಸಿಲು ಬ್ಯಾರೆ ಕಡಿ ರೊಕ್ಕ ಕೊಟ್ಟು ದೀಪ ಹಚ್ಚಿ ಮಾಡ್ಕೋತಾರ. ನಮಗ ಮ್ಯಾಲಿಂದ ಪುಕ್ಕಟ ಸುರೀತದ!" ಎಂದು ಆಳಂದದ ಮಾಳಗಿಯ ತುಂಬ ಕಾರ್ಖಾನೆಯ ಪ್ಲಾಸ್ಟಿಕ್ ಪಟ್ಟಿಗಳನ್ನು ಒಣಹಾಕಿದ್ದಾರೆ. ಕಾಕಿಗೆ ಸಂಡಿಗೆ ಹಾಕಲು ಜಾಗವಿಲ್ಲ. ಪಕ್ಕದ ಮನೆಯ ಖಾಲಾ ತನ್ನ ಮಾಳಗಿಯ ಅರ್ಧ ಬಿಟ್ಟುಕೊಟ್ಟಿದ್ದಾಳೆ, ಪ್ರತಿಯಾಗಿ ಅರ್ಧ ಸಂಡಿಗೆ ಅವಳ ಪಾಲು.

ಬಿಸಿಲು ತಿಂದ ಪ್ಲಾಸ್ಟಿಕ್ ಎಂದರೆ ಏನೆಂದು ನಮಗೆಲ್ಲ ತಿಳಿದದ್ದು ಅಫಜಲಪುರದ ಒಂದು ಮದುವೆಯಲ್ಲಿ. ಬೀಗರ ಕಡೆಯ ಸೋದರಮಾವ ಒಬ್ಬರು, ಮೈಯಲ್ಲಿ ಭಾರಿ, ದರ್ಪದಲ್ಲಿ ಇನ್ನೂ ಭಾರಿ, ಮುಂದಿನ ಸಾಲಿನ ಕುರ್ಚಿಗೆ ಬಂದರು. ಕಾಕಾ ಓಡಿಹೋಗಿ ಕೈ ಅಡ್ಡ ಹಿಡಿದರು.

"ಮಾವಾರ, ಅಲ್ಲಿ ಕೂಡಬ್ಯಾಡ್ರಿ. ಆಯುಷ್ಯ ಮುಗದದ."

"ಯಾರ ಆಯುಷ್ಯಲೇ?"

"ಕುರ್ಚೀದು ರೀ."

"ಮದುವಿ ಮನ್ಯಾಗ ಇಂಥಾ ಮಾತೇನು!" ಎಂದು ಮಾವ ಸಿಟ್ಟಿನಿಂದ ಕುಳಿತರು. ಸಮಾಧಾನದಿಂದ ಕುಳಿತಿದ್ದರೆ ಅದು ಇನ್ನೊಂದು ಗಳಿಗೆ ತಡೆಯುತ್ತಿತ್ತೇನೋ! ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಕುರ್ಚಿಯ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋದವು. ಕಾಕಾ ಮೊದಲು ಓಡಿದವರು. ಎಬ್ಬಿಸಲು ಹೊರಟರೆಂದು ಎಲ್ಲರೂ ದಾರಿ ಬಿಟ್ಟರು. ಅವರು ಮಾವನನ್ನು ದಾಟಿಹೋಗಿ ಮುರಿದ ಕಾಲನ್ನೆತ್ತಿ ಬೆಳಕಿಗೆ ಹಿಡಿದು, "ನೋಡ್ರಿ, ನೋಡ್ರಿ! ಸೀಳು ಎಲ್ಲಿಂದ ಸುರು ಆಗ್ಯದ!" ಎಂದರು. ನೆಲದಿಂದ ಒಂದು ದನಿ ಬಂತು: "ಅದನ್ನ ಆಮ್ಯಾಲ ನೋಡೋ ಮಾರಾಯ, ಮೊದ್ಲ ನನ್ನ ಎಬ್ಬಸು!"

ನಗಬೇಡಿ, ನಾನೂ ಈಗ ನಗುತ್ತಿಲ್ಲ. ಆ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವಳು ನಮ್ಮ ಆಯಿ, ಅಂದರೆ ನನ್ನಪ್ಪನ ತಾಯಿ, ಕಾಕಾನ ತಾಯಿ. ಬಾಯಿಗೆ ಸೆರಗು ಒತ್ತಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದಳು. ಆಯಿ ಹೋಗಿ ಇನ್ನೂ ವರ್ಷ ತುಂಬಿಲ್ಲ. ನಾನು ಹೇಳುತ್ತಿರುವ ಈ ಕತೆಯೆಲ್ಲ ಕಾಕಾನದೆಂದು ನೀವು ತಿಳಿದಿದ್ದೀರಿ. ಹೌದು, ಕಾಕಾನದೇ. ಆದರೆ ಇನ್ನು ಮೇಲೆ ಆಯಿಯನ್ನು ಬಿಟ್ಟು ಹೇಳಲು ಬರುವುದಿಲ್ಲ.

ಅದಕ್ಕೂ ಮೊದಲು ಸಾಕ್ಷಿಯ ವಿಷಯ ಹೇಳಬೇಕು. ಕಾಕಾನ ಕಾರ್ಖಾನೆಯಲ್ಲಿ ದೊಡ್ಡ ವಸ್ತು ಒಂದನ್ನು ಮಾಡುವಾಗ ಅದೇ ಬಟ್ಟೆ, ಅದೇ ರಾಳದಿಂದ ಒಂದು ಸಣ್ಣ ತುಂಡನ್ನೂ ಮಾಡುತ್ತಾರೆ. ಎರಡನ್ನೂ ಒಂದೇ ಒಲೆಯಲ್ಲಿ ಬೇಯಿಸುತ್ತಾರೆ. ದೊಡ್ಡದು ಗಟ್ಟಿಯಾಗಿದೆಯೇ ಎಂದು ತಿಳಿಯಲು ದೊಡ್ಡದನ್ನೇ ಮುರಿದರೆ ಹೇಗೆ? ಅದರ ಜೊತೆ ಬೆಂದ ಸಣ್ಣದನ್ನು ಮುರಿಯುತ್ತಾರೆ. ಅದು ತಡೆದರೆ ಇದೂ ತಡೆಯುತ್ತದೆ. ಆ ಸಣ್ಣ ತುಂಡಿಗೆ ಸಾಕ್ಷಿ ಎಂದು ಹೆಸರು. ಕಾಕಾ ಈ ಪದ್ಧತಿಯನ್ನು ಅಡುಗೆಮನೆಗೂ ತಂದರು. ಕಾಕಿ ಜೋಳದ ರೊಟ್ಟಿ ಬಡಿಯುವಾಗ ಅಂಗೈಯಗಲದ್ದೊಂದು ಸಾಕ್ಷಿ ರೊಟ್ಟಿ ಬಡಿಯಬೇಕು. ಅದನ್ನು ಮುರಿದು, ಸಪ್ಪಳ ಕೇಳಿ, ಆಮೇಲೆ ಊಟ. ಮುರಿದದ್ದನ್ನು ಕಂಡಾಗಲೆಲ್ಲ ಆಯಿ ಲೊಚಗುಟ್ಟುವಳು: "ಪಾಪ, ಅದು ಏನ್ ತಪ್ಪು ಮಾಡಿತ್ತಲೇ? ದೊಡ್ಡದ್ರ ಸಲುವಾಗಿ ಸಣ್ಣದಕ್ಕ ಶಿಕ್ಷೆ!"

ಆಳಂದದ ಒಂದೇ ಮನೆಯಲ್ಲಿದ್ದರೂ ಆಯಿಗೂ ಕಾಕಾನಿಗೂ ನಡುವೆ ಒಂದು ನೋವಿತ್ತು. ಆ ನೋವು ಒಂದು ತಂಬಿಗೆಯಲ್ಲಿತ್ತು.

ರಾಳ ಕಲಸುವ ಕೋಣೆಯಲ್ಲಿ ಯಂತ್ರ ತಿರುಗುತ್ತದೆ. ಕೊರಳಲ್ಲಿ ಸರ, ದಾರ ಏನೂ ತೂಗಬಾರದೆಂದು ಅಲ್ಲಿಯ ನಿಯಮ. ಕೆಲಸಕ್ಕೆ ಸೇರಿದ ದಿನ ಕಾಕಾ ಕೊರಳಿನ ಇಷ್ಟಲಿಂಗವನ್ನು ಅದನ್ನಿಡುವ ಕರಡಿಗೆ ಸಮೇತ ತೆಗೆದು ದೇವರ ಜಗುಲಿಯ ಮೇಲಿಟ್ಟು ಹೋದರು. ಸಂಜೆ ಬಂದು ಹಾಕಿಕೊಂಡರು. ಮರುದಿನವೂ ಹಾಗೆಯೇ. ಬರಬರುತ್ತ ಸಂಜೆ ಹಾಕಿಕೊಳ್ಳುವುದು ಮರೆತುಹೋಯಿತು. ಅಂಗದ ಮೇಲೆ ಲಿಂಗವಿಲ್ಲದೆ ಇರುವುದೆಂದರೆ ಆಯಿಯಂಥವರಿಗೆ ಉಸಿರಿಲ್ಲದೆ ಇದ್ದಂತೆ. ಅವಳು ಜಗಳ ಮಾಡಲಿಲ್ಲ, ಮಾತು ಬಿಡಲಿಲ್ಲ. ಬೆಳಿಗ್ಗೆ ತನ್ನ ಪೂಜೆಯಾದ ಮೇಲೆ ಮಗನ ಕರಡಿಗೆಗೂ ಒಂದು ಹೂವು ಏರಿಸುವಳು. ಆದರೆ ಮಗನ ಕೈಯಿಂದ ನೀರು ಈಸಿಕೊಳ್ಳುವುದನ್ನು ಬಿಟ್ಟಳು. ಕಾಕಾ ತಂಬಿಗೆ ತಂದರೆ "ಅಲ್ಲಿಡಪ" ಎನ್ನುವಳು. ಕಾಕಿ ಬಂದು ಎತ್ತಿಕೊಟ್ಟರೆ ಕುಡಿಯುವಳು. ವರ್ಷಗಟ್ಟಲೆ ಇದು ನಡೆಯಿತು. ಕಾಕಾ ಮರೆತು ಮತ್ತೆ ಮತ್ತೆ ತರುವರು, ಮತ್ತೆ ಮತ್ತೆ ಅಲ್ಲಿಡುವರು. ನಿಜವಾಗಿ ಮರೆಯುತ್ತಿದ್ದರೇ? ನನಗೆ ಅನುಮಾನ.

ಹೀಗಿರುವಾಗ ಆಯಿಯ ಇಷ್ಟಲಿಂಗ ಸೀಳು ಬಿಟ್ಟಿತು.

ಒಳಗಿನ ಕಲ್ಲಿಗಲ್ಲ, ಅದರ ಮೇಲೆ ಮೊಟ್ಟೆಯ ಆಕಾರದಲ್ಲಿ ನುಣ್ಣಗೆ ಕಟ್ಟಿರುವ ಕರಿ ಲೇಪಕ್ಕೆ. ಕಂತಿ ಎನ್ನುತ್ತಾರೆ. ಮೊದಲು ಕೂದಲೆಳೆಯಷ್ಟು, ಆಮೇಲೆ ಉಗುರು ಸಿಗುವಷ್ಟು. ಊರಲ್ಲಿ ಕಂತಿ ಕಟ್ಟುತ್ತಿದ್ದ ಅಜ್ಜನ ಕಣ್ಣು ಹೋಗಿದ್ದವು. ಅವನ ಮಕ್ಕಳು ಮೊಬೈಲ್ ರಿಪೇರಿ ಮಾಡುತ್ತಾರೆ. ಹೊರಗೆ ಕಳಿಸಿದರೆ ಮಾಡಿ ಕೊಡುವವರಿದ್ದಾರೆ, ಆದರೆ ಬರಲು ವಾರವಾದರೂ ಬೇಕು. ಲಿಂಗ ಮೈಮೇಲಿಲ್ಲದೆ ಆಯಿ ನೀರೂ ಮುಟ್ಟುವವಳಲ್ಲ. ವಾರ ಉಪವಾಸವಿರುವ ವಯಸ್ಸೇ ಅದು?

"ನಾ ಹ್ವಾದ ಮ್ಯಾಲ ಅಂಗೈಯಾಗ ಇಡೂದು ಇದನ್ನಽ ಅಲ್ಲ? ಒಡದದ್ದು ಹಿಡಕೊಂಡು ಹ್ಯಾಂಗ ಹೋಗ್ಲಿ?" ಎಂದಳು ಆಯಿ. ನಮ್ಮಲ್ಲಿ ತೀರಿಹೋದವರನ್ನು ಕುಳ್ಳಿರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಆ ದಿನಗಳಲ್ಲಿ ಆಯಿಯ ಕಾಲು ಊದುತ್ತಿದ್ದವು, ಡಾಕ್ಟರು ಹೃದಯ ದಣಿದಿದೆ ಎಂದಿದ್ದರು. ಆಯಿಯದು ಸುಮ್ಮನೆ ಆಡಿದ ಮಾತಾಗಿರಲಿಲ್ಲ.

"ತಾ ಇಲ್ಲಿ, ನಾ ಮಾಡ್ತೇನಿ," ಎಂದರು ಕಾಕಾ.

ಊರಿನ ಕುರ್ಚಿ, ಬಕೆಟ್ಟು ಮುರಿದವನ ಕೈಗೆ ಲಿಂಗವೇ!

"ನಿನ್ನ ಕೈಯಾಗ ಕೊಟ್ರ ಮುರದು, ಇಷ್ಟಕ್ಕ ಮುರೀತು ಬೇ ಅಂತ ನನಗಽ ಬಂದು ಹೇಳ್ತಿ," ಎಂದಳು ಆಯಿ. ನಗುತ್ತಲೇ ಅಂದಳು. ಆದರೆ ಕೈ ಕರಡಿಗೆಯನ್ನು ಮುಚ್ಚಿಕೊಂಡಿತ್ತು.

ಕಾಕಾ ಹಟ ಬಿಡಲಿಲ್ಲ. ಕಣ್ಣು ಹೋದ ಅಜ್ಜನ ಬಳಿ ಹೋಗಿ ಕೇಳಿಕೊಂಡು ಬಂದರು: ರಾಳ, ಗೇರುಕಾಯಿಯ ಎಣ್ಣೆ, ಸೋಸಿದ ಸಗಣಿಯ ಬೂದಿ. ಬಂದವರೇ ಅಂಗಳದಲ್ಲಿ ಕುಣಿದಾಡಿದರು. "ಯವ್ವಾ, ಇದು ನಮ್ಮ ಕಾರ್ಖಾನಿ ಮಾಲಽ ಬೇ! ಹಿಡಿಯೂದಕ್ಕ ರಾಳ, ಬಲಕ್ಕ ಬೂದಿ. ನೀ ಇಷ್ಟು ವರ್ಷ ನನ್ನ ಕೆಲಸಾನಽ ಕೊರಳಾಗ ಹಾಕ್ಕೊಂಡೀದಿ!" ನಿನ್ನ ಕೊರಳಲ್ಲಿ ಏನಿದೆ ಎಂದು ಆಯಿ ಕೇಳಬಹುದಿತ್ತು, ಕೇಳಲಿಲ್ಲ.

ಪ್ರಯೋಗ ಶುರುವಾಯಿತು. ಕಾಕಾ ನಮ್ಮಲ್ಲಿಗೆ ಬಂದಾಗ ಸೊನ್ನದ ಬ್ಯಾರೇಜಿನ ಕೆಳಗೆ ಭೀಮೆಯ ದಂಡೆಗಿಳಿದು, ಪ್ಯಾಂಟು ಮಡಚಿ, ನುಣುಪು ಹರಳುಗಳನ್ನು ಆರಿಸಿ ಚೀಲ ತುಂಬಿಕೊಂಡರು. ಹರಳಿಗೆ ಲೇಪ ಕಟ್ಟಿ, ಒಣಗಿಸಿ, ಮುರಿದು ನೋಡುವುದು. ಕಾಕಿಯ ಹಾಲಿನ ಪಾತ್ರೆ ಹೋಯಿತು, ಮಿಕ್ಸರ್ ಹೋಯಿತು. ಗೇರೆಣ್ಣೆ ತಾಗಿ ಕಾಕಾನ ಮುಖ ಊದಿ, ಕಣ್ಣು ಎಲ್ಲಿವೆ ಎಂದು ಹುಡುಕುವ ಹಾಗಾಯಿತು. ಕಾರ್ಖಾನೆಯ ಕಾವಲುಗಾರ, ಗುರುತಿನ ಚೀಟಿಯ ಫೋಟೋ ನೋಡಿ, ಮುಖ ನೋಡಿ, "ಇವರು ನಮ್ಮ ಸಾಹೇಬ್ರಲ್ಲ" ಎಂದು ವಾಪಸ್ ಕಳಿಸಿದ! ಮಾಳಗಿಯ ಮೇಲೆ ಸಾಲಾಗಿ ಒಣಗುತ್ತಿದ್ದ ಕರಿ ಉಂಡೆಗಳನ್ನು ನೋಡಿ ಪಕ್ಕದ ಖಾಲಾ ಕನಿಕರಪಟ್ಟಳು: "ಯಾಕ ಬೇಟಾ, ಗುಲಾಬ್ ಜಾಮೂನ್ ಎಲ್ಲಾ ಸುಟ್ಟು ಹ್ವಾದವೇನು? ನನಗ ಕರೀಬೇಕಿಲ್ಲೇನು!"

ಕೊನೆಗೆ ಒಂದು ಪಾಕ ನಿಂತಿತು. ಸುತ್ತಿಗೆಯಿಂದ ಹೊಡೆದರೂ ಸೀಳು ಬಿಡದ ಪಾಕ. ಆದರೆ ಅದು ಗಟ್ಟಿಯಾಗಲು ಹಗಲೆಲ್ಲ ಹದವಾದ ಕಾವು ಬೇಕು. ಕಾರ್ಖಾನೆಯಲ್ಲಿ ಒಲೆಯಿದೆ; ಲಿಂಗವನ್ನು ಅಲ್ಲಿಗೆ ಒಯ್ಯುವಂತಿಲ್ಲ. ಕಾಕಾ ತಲೆ ಮೇಲೆ ಕೈ ಹೊತ್ತು ಕುಳಿತರು.

"ಎಷ್ಟು ಕಾವು ಬೇಕೋ?" ಆಯಿ ಕೇಳಿದಳು.

"ಭಾಳ ಬ್ಯಾಡ. ಮೈ ಕಾವಿನಷ್ಟು. ಆದ್ರ ಹೆಚ್ಚುಕಮ್ಮಿ ಆಗಬಾರದು."

"ಹಂಗಾರ ನನ್ನ ಅಂಗೈಗೆ ಏನಾಗ್ಯದ?"

ಕಾಕಾ ಕಾರ್ಖಾನೆಯಿಂದ ಕಾವು ಅಳೆಯುವ ಯಂತ್ರ ತಂದರು. ತಾಯಿಯ ಅಂಗೈಗೆ ಪಿಸ್ತೂಲಿನಂತೆ ಗುರಿ ಹಿಡಿದು ಅಳೆದರು. "ಒಲಿ ಚಲೋ ಅದ," ಎಂದರು. "ಒಲಿಗಿ ಜ್ವರ ಬರದಂಗ ನೋಡ್ಕೋ," ಎಂದಳು ಕಾಕಿ.

ಆ ದಿನ ನಾನೂ ಹೋಗಿದ್ದೆ. ಆಯಿ ಮಿಂದು, ಜಗುಲಿಯ ಮುಂದೆ ಮಣೆಯ ಮೇಲೆ ಕುಳಿತಳು. ಕಾಕಾ ಎದುರಿಗೆ ಕುಳಿತರು. ಅವಳು ಕೊರಳಿನಿಂದ ಶಿವದಾರ ತೆಗೆದು, ಕರಡಿಗೆ ಬಿಚ್ಚಿ, ಲಿಂಗವನ್ನು ಮಗನ ಕೈಗೆ ಕೊಟ್ಟಳು. ಕಾಕಾ ಹಳೆ ಲೇಪವನ್ನು ಬಿಡಿಸಿ, ಹೊಸದನ್ನು ಕಟ್ಟಿ, ಬೆರಳಿಗೆ ಅಂಟದಷ್ಟು ಆರಲು ಬಿಟ್ಟರು. ಅದರ ಜೊತೆಗೇ, ಅದೇ ಬಟ್ಟಲಿನ ಪಾಕದಿಂದ, ಸೊನ್ನದ ಒಂದು ಹರಳಿಗೂ ಲೇಪ ಕಟ್ಟಿದರು.

"ಅದು ಯಾತಕೋ?"

"ಸಾಕ್ಷಿ."

"ಇಲ್ಲೂ ಬಿಡಲಿಲ್ಲೇನೋ!" ಎಂದಳು ಆಯಿ.

ಸಾಕ್ಷಿ ಬೇಯಬೇಕಾದದ್ದು ಅದೇ ಒಲೆಯಲ್ಲಿ. ಕಾರ್ಖಾನೆಯಲ್ಲಿ ಅಚ್ಚಿಗೆ ಅಂಟಬಾರದೆಂದು ಮೇಣ ಸವರುತ್ತಾರೆ. ಇಲ್ಲಿ ಆಯಿಯ ಎರಡೂ ಅಂಗೈಗೆ ಹಣೆಗೆ ಹಚ್ಚುವ ಈಬತ್ತಿ ಸವರಿದರು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಹರಳು. ಹಾಗೆ ಕುಳಿತಳು. ಮಧ್ಯಾಹ್ನವಾಯಿತು. ಅನ್ನವಿಲ್ಲ, ನೀರಿಲ್ಲ. ಅವಳು ತಿನ್ನಲಿಲ್ಲವೆಂದು ಕಾಕಾನೂ ತಿನ್ನಲಿಲ್ಲ. ಅಳೆಯುವ ಯಂತ್ರ ಹಿಡಿದು ಎದುರಿಗೇ ಕುಳಿತರು. ಸೆಕೆಗೆ ಆಯಿಗೆ ಜೊಂಪು ಹತ್ತಿ, ಬಲಗೈ ಬಿಗಿಯಿತು.

"ಅಲುಗಬ್ಯಾಡ ಬೇ! ಸಾಕ್ಷಿಗೆ ಹೆಬ್ಬೆರಳ ಗುರುತು ಬಿತ್ತು ನೋಡು! ನಮ್ಮಲ್ಲಾದ್ರ ಇದು ರಿಜೆಕ್ಟ್!"

"ಲಿಂಗಕ್ಕ ಬಿದ್ದಿಲ್ಲಲ್ಲ? ಹಂಗಾರ ಬಾಯಿ ಮುಚ್ಕೊಂಡು ಕೂಡು," ಎಂದು ಆಯಿ ಕಣ್ಣು ತೆರೆಯದೆಯೇ ಅಂದಳು.

ಬಿಸಿಲು ಇಳಿಯುವ ಹೊತ್ತಿಗೆ ಕಾಕಾ ಲಿಂಗವನ್ನು ಉಗುರಿನಿಂದ ಮೆಲ್ಲಗೆ ಬಡಿದರು. ಟಕ್ ಎಂದಿತು. ಜನ್ಮದಲ್ಲಿ ಮೊದಲ ಬಾರಿಗೆ ಅವರು ಬಡಿದದ್ದು ಮುರಿಯಲಿ ಎಂದಲ್ಲ. ಆಯಿ ಲಿಂಗವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಒಂದು ಸೀಳಿಲ್ಲ. ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಂಡಳು, ಕರಡಿಗೆಗೆ ಸೇರಿಸಿ ಕೊರಳಿಗೆ ಹಾಕಿಕೊಂಡಳು. ಆಮೇಲೆ ಒಣಗಿದ ದನಿಯಲ್ಲಿ, "ನೀರು ಕೊಡ್ರಿ" ಎಂದಳು.

ಕಾಕಾ ವಾಡಿಕೆಯಂತೆ ತಂಬಿಗೆ ತಂದು ನೆಲದ ಮೇಲಿಟ್ಟು ಹಿಂದೆ ಸರಿದರು. ಕಾಕಿ ಎತ್ತಿಕೊಡಲು ಬಗ್ಗಿದಳು.

"ನೀ ಬಿಡು ಬೇ. ಅಂವ ಕೊಡ್ಲಿ," ಎಂದಳು ಆಯಿ.

ಕಾಕಿ ಪಕ್ಕಕ್ಕೆ ಸರಿದು ಕಾಕಾನ ಮುಖ ನೋಡಿದಳು.

"ಯಾಕ ನಿಂತಿ? ಇವತ್ತ ನಿನ್ನ ಕೈಯಾಗ ಲಿಂಗ ಇತ್ತಲ್ಲೋ. ಕೊಡು, ಗಂಟಲಾ ಆರ್ಯದ."

ಕಾಕಾ ಎರಡೂ ಕೈಯಿಂದ ತಂಬಿಗೆ ಎತ್ತಿ ಕೊಟ್ಟರು. ಆಯಿ ಗಟಗಟ ಕುಡಿದಳು. ಸೆರಗಿಗೆ ಬಾಯಿ ಒರೆಸಿಕೊಂಡು, "ನೀರಿಗಿ ಪ್ಲಾಸ್ಟಿಕ್ ವಾಸನಿ ಹೊಡೀತದ ನೋಡು," ಎಂದಳು. ಎಲ್ಲರೂ ನಕ್ಕೆವು. ಕಾಕಾ ಮುಖ ತೊಳೆಯುತ್ತೇನೆಂದು ಹಿತ್ತಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಅಲ್ಲಿಂದ ಮುಂದೆ ಆಯಿ ನೀರು ಕೇಳಿದಾಗಲೆಲ್ಲ ಮಗನ ಹೆಸರು ಹಿಡಿದೇ ಕೇಳುವಳು. ಬಾಯಾರಿಕೆ ಇಲ್ಲದಾಗಲೂ ಕೇಳುವಳು. ಹೆಚ್ಚು ದಿನ ಕೇಳಲಿಲ್ಲ. ಕಡಲೆಯ ಸುಗ್ಗಿ ಮುಗಿಯುವ ಹೊತ್ತಿಗೆ ಹೋದಳು.

ಆಯಿಯನ್ನು ಕುಳ್ಳಿರಿಸಿದ್ದರು. ಎಡ ಅಂಗೈಯಲ್ಲಿ ಲಿಂಗ. ಎಲ್ಲರೂ ಅಳುತ್ತಿದ್ದರೆ ಕಾಕಾ ಜೇಬಿನಿಂದ ಭೂತಗನ್ನಡಿ ತೆಗೆದು ಆ ಅಂಗೈಯ ಮೇಲೆ ಬಗ್ಗಿದರು. ಜೇವರ್ಗಿಯಿಂದ ಬಂದಿದ್ದ ಕಾಕಿಯ ಅಪ್ಪ, "ಹುಚ್ಚು ಹಿಡದದೇನು ಇವಗ" ಎಂದು ಗೊಣಗಿದರು. ಕಾಕಾ ಸುತ್ತಲೂ ನೋಡಿ, ತಾಯಿಯ ಕಿವಿಯ ಹತ್ತಿರ ಬಾಯಿ ಒಯ್ದು, "ಎಲ್ಲೀ ಒಡದಿಲ್ಲ ಬೇ. ಸಮಾಧಾನ ಹೋಗು," ಎಂದರು. ಆಮೇಲೆ ಮಣ್ಣು ಹಾಕಿದೆವು.

ಹೋದ ತಿಂಗಳು ಆಳಂದಕ್ಕೆ ಹೋಗಿದ್ದೆ. ಬೆಳಗಿನ ಹೊತ್ತು. ಜಗುಲಿಯ ಮುಂದೆ, ಆಯಿಯ ಮಣೆಯ ಮೇಲೆ, ಬೆನ್ನು ತಿರುಗಿಸಿ ಯಾರೋ ಕುಳಿತಿದ್ದರು. ಕುಳಿತ ರೀತಿ, ತಲೆ ಬಾಗಿದ ರೀತಿ! ಹೊಸ್ತಿಲಲ್ಲಿ ನನ್ನ ಕಾಲು ನಿಂತವು. ಮಿಂದ ತಲೆಯಿಂದ ನೀರು ಇಳಿಯುತ್ತಿತ್ತು. ಕಾಕಾ. ಎಡ ಅಂಗೈ ಎದೆಯ ಮಟ್ಟಕ್ಕೆ ಎತ್ತಿ, ರೆಪ್ಪೆ ಬಡಿಯದೆ ನೋಡುತ್ತಿದ್ದರು. ಅಂಗೈಯಲ್ಲಿ ಸೊನ್ನದ ಹರಳು.

"ಕಾಕಾ, ಏನ್ ಮಾಡಾಕತ್ತೀರಿ?"

ಬೆಚ್ಚಿ ಮುಷ್ಟಿ ಮುಚ್ಚಿದರು. "ಏನಿಲ್ಲ ಮಗಳ. ಸಾಕ್ಷಿ ತಪಾಸ್ ಮಾಡಾಕತ್ತಿದ್ದೆ. ಇದು ಹೆಂಗದ ಅಂದ್ರ, ಅಲ್ಲಿ ಮಣ್ಣಾಗ ಅದೂ ಹಂಗಽ ಇರ್ತದ."

"ಮುರದು ನೋಡಿದ್ರ ಪಕ್ಕಾ ಗೊತ್ತಾಗ್ತದಲ್ರಿ?"

"ಹೂಂ, ಮುರೀಬೇಕು," ಎಂದರು. "ನಾಳಿ ಮುರೀತೇನಿ."

"ದಿನಾ ಇದಽ ಹೇಳ್ತಾರ, ನಂಬಬ್ಯಾಡ," ಎಂದಳು ಕಾಕಿ ಒಳಗಿನಿಂದ, ರೊಟ್ಟಿ ಬಡಿಯುತ್ತಲೇ.

ಕಾಕಾ ಮುಷ್ಟಿ ತೆರೆದರು. ಹರಳಿನ ಕರಿ ಮೈ ಮೇಲೆ ಸಣ್ಣದೊಂದು ಹೆಬ್ಬೆರಳಿನ ತಗ್ಗು. ಅದರ ಮೇಲೆ ತಮ್ಮ ಹೆಬ್ಬೆರಳನ್ನು, ಒತ್ತದ ಹಾಗೆ, ಇಟ್ಟರು.

"ಪಾಪ," ಎಂದರು, "ಇದು ಏನ್ ತಪ್ಪು ಮಾಡ್ಯದ?"